ಒಂದು ದಿನದ ಕಾರ್ಯಕ್ರಮಕ್ಕೆ ದುಡ್ಡು ಕೇಳಬೇಡಿ, ನಲ್ಲಿಗೆ ಕೇಳಿ

ನೀವು ನಿಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ದೊಡ್ಡ ಕ್ಲಾಸಿನ ಹುಡುಗರು ಚಿಕ್ಕವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರೆ. ಒಂದು ಸಂಸ್ಥೆಯವರು ಒಂದು ದಿನದ ಜಾಗೃತಿ ಕಾರ್ಯಕ್ರಮ ಮಾಡಿಕೊಡ್ತೀವಿ ಅಂದಿದ್ದಾರೆ. ಅದಕ್ಕೆ ಸರ್ಕಾರದ ಹಣ ಸಿಗುತ್ತದಾ ಅಂತ ಕೇಳಿದ್ದೀರಿ. ಓಡಾಡಿದರೆ ಸಿಗುತ್ತದೆ. ನನಗೂ ಸಿಕ್ಕಿತ್ತು. ಆದರೆ ತಗೋಬೇಡಿ.

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಸ್‌ಡಿಎಂಸಿ ಅಧ್ಯಕ್ಷನಾಗಿದ್ದೆ. ಮಗ ಆಗ ಐದನೇ ಕ್ಲಾಸು. ಅವನಿಗೆ ಸ್ವಲ್ಪ ತೊದಲು. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ದಿನವೇ ಅವನು ಹಸಿದುಕೊಂಡು ಮನೆಗೆ ಬರುತ್ತಿದ್ದ. ಕೇಳಿದರೆ 'ಬೇಡ ಅನ್ನಿಸ್ತು' ಅನ್ನುತ್ತಿದ್ದ. ನಿಜ ಗೊತ್ತಾಗಿದ್ದು ಅಡುಗೆಯವರಿಂದ. ಏಳನೇ ಕ್ಲಾಸಿನ ಕೆಲವರು ಇವನ ತಟ್ಟೆಯಿಂದ ಮೊಟ್ಟೆ ಎತ್ತಿಕೊಳ್ಳುತ್ತಿದ್ದರು. ತಟ್ಟೆ ತೊಳೆಯಲು ಹೋದರೆ ನಲ್ಲಿ ಹತ್ತಿರ ನೂಕುತ್ತಿದ್ದರು. ಇವನ ಹಾಗೇ ತೊದಲಿ ತೊದಲಿ ಇವನ ಹೆಸರು ಕೂಗುತ್ತಿದ್ದರು. ಇವನೊಬ್ಬನಿಗೇ ಅಲ್ಲ, ಸಣ್ಣ ಕ್ಲಾಸಿನ ಎಷ್ಟೋ ಮಕ್ಕಳಿಗೆ ಇದೇ ಕಾಟ.

ಆ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, 'ಊಟದ ಹೊತ್ತಲ್ಲಿ ದೊಡ್ಡವರು ಹೊಡೀತಾರೆ' ಅಂತ ಮೈಕಿನಲ್ಲಿ ಹೇಳಿಬಿಟ್ಟಳು. ಪಂಚಾಯ್ತಿ ಸದಸ್ಯರಿಗೆ ಮನಸ್ಸು ಕರಗಿತು. ಅರ್ಜಿ ಕೊಡಿ, ಪಂಚಾಯ್ತಿಯ ಸ್ವಂತ ಸಂಪನ್ಮೂಲದಲ್ಲಿ 15 ಸಾವಿರ ಇಡೋಣ ಅಂದರು. ಅಂಥ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ.

ಆ ಅರ್ಜಿ ಬರೆದವನು ನಾನು. ಎಡವಿದ್ದು ಅಲ್ಲೇ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಅರ್ಜಿ ಬರೆಯಲು ಹೊರಟಿದ್ದೀರಿ. 'ವಿಷಯ: ಮಕ್ಕಳ ನಡುವಿನ ಕಿರುಕುಳ ತಡೆಗೆ ಜಾಗೃತಿ ಕಾರ್ಯಕ್ರಮ ನಡೆಸಲು ಧನಸಹಾಯ ಕೋರಿ' ಅಂತ ಬರೆದೆ. ಎಲ್ಲರೂ ಹಾಗೇ ಬರೆಯುತ್ತಾರೆ. ಪಂಚಾಯ್ತಿ ಕ್ರಿಯಾ ಯೋಜನೆಯಲ್ಲೂ ಅದೇ ಸಾಲು ಸೇರಿತು. ಒಮ್ಮೆ ಹಾಗೆ ಸೇರಿದ ಮೇಲೆ ಆ ಹಣದಲ್ಲಿ ಬ್ಯಾನರ್ ಹಾಕಿಸಬಹುದು, ಶಾಮಿಯಾನ, ಮೈಕ್, ತಿಂಡಿ ತರಿಸಬಹುದು, ಬಂದವರಿಗೆ ಗೌರವಧನ ಕೊಡಬಹುದು, ಅಷ್ಟೇ. ಬೇರೆಯದಕ್ಕೆ ಕೈ ಹಾಕುವ ಹಾಗಿಲ್ಲ. ಖರ್ಚಿನ ಬಿಲ್ಲುಗಳು ಮಂಜೂರಾದ ಕೆಲಸಕ್ಕೆ ಹೊಂದಬೇಕು, ಹಣ ಬಳಕೆ ಪ್ರಮಾಣಪತ್ರ ಕೊಡಬೇಕು, ಆಡಿಟ್‌ನವರು ಅದನ್ನೇ ನೋಡುತ್ತಾರೆ. ಹೆಡ್‌ಮಾಸ್ಟರು ಆಮೇಲೆ ಒಂದು ಮಾತು ಹೇಳಿದರು: 'ಜಗಳ ಎಲ್ಲಾ ನಲ್ಲಿ ಹತ್ರಾನೇ ಸಾರ್. ಅಷ್ಟೂ ಮಕ್ಕಳಿಗೆ ಎರಡೇ ನಲ್ಲಿ. ಕಾರ್ಯಕ್ರಮ ಸಣ್ಣದಾಗಿ ಮುಗಿಸಿ, ಮಿಕ್ಕಿದ್ದರಲ್ಲಿ ನಲ್ಲಿ ಹಾಕಿಸೋಣ.' ನನಗೆ ಆಗ ಕಣ್ಣು ತೆರೆಯಿತು. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಓಡಿದೆ. ಅವರು ಒಳ್ಳೆಯವರೇ. ಆದರೆ ಬದಲಾಯಿಸಬೇಕಾದರೆ ಸಾಮಾನ್ಯ ಸಭೆಯಲ್ಲಿ ಮತ್ತೆ ನಿರ್ಣಯ ಆಗಬೇಕು, ಮಾರ್ಚ್ ಹತ್ತಿರ ಬಂದಿದೆ, ಆಗಲ್ಲ ಅಂದರು. ನಾನು ಅರ್ಜಿಯಲ್ಲಿ 'ನಲ್ಲಿ ಮತ್ತು ಊಟದ ವೇಳೆಯ ಮೇಲ್ವಿಚಾರಣೆ' ಅಂತ ಬರೆದಿದ್ದರೆ ಅದೇ ಹಣ, ಅದೇ ಸಹಿ, ಅದೇ ಸಭೆ ಸಾಕಿತ್ತು.

ಕಾರ್ಯಕ್ರಮ ನಡೆಯಿತು. ಮಕ್ಕಳು ಘೋಷಣೆ ಕೂಗುತ್ತಾ ಊರು ಸುತ್ತಿದರು. ಬಂದ ಅತಿಥಿ ಚೆನ್ನಾಗಿಯೇ ಮಾತಾಡಿದರು. ಕೊನೆಗೆ, 'ನಿಮ್ಮಲ್ಲಿ ಯಾರಿಗೆ ಇಲ್ಲಿ ತೊಂದರೆ ಆಗ್ತಿದೆ, ಕೈ ಎತ್ತಿ' ಅಂದರು. ನನ್ನ ಮಗ ಕೈ ಎತ್ತಿದ. ಕಾಟ ಕೊಡುವವರು ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದರು. ಶಾಮಿಯಾನ ಬಿಚ್ಚಿದ ಮರುದಿನದಿಂದ ಅವನ ಸ್ಥಿತಿ ಮೊದಲಿಗಿಂತ ಕೆಟ್ಟಿತು. ಆ ಬೇಸಿಗೆ ರಜೆ ಮುಗಿದ ಮೇಲೆ ಅವನು ಆ ಶಾಲೆಗೆ ಹೋಗಲೇ ಇಲ್ಲ. ಅವರತ್ತೆ ಊರಿನ ಶಾಲೆಗೆ ಸೇರಿಸಿದೆವು.

ಅದಾದ ಮೇಲೆ ನಾನು ಈ ವಿಷಯ ಹುಡುಕಿ ಓದತೊಡಗಿದೆ. ಫಿನ್‌ಲ್ಯಾಂಡಿನಲ್ಲಿ ಸರ್ಕಾರವೇ ಹಣ ಹಾಕಿ ತುರ್ಕು ವಿಶ್ವವಿದ್ಯಾಲಯದವರಿಂದ ಕಿವಾ ಅನ್ನುವ ಕಾರ್ಯಕ್ರಮ ಮಾಡಿಸಿತು. 2006ರಲ್ಲಿ ಕೆಲಸ ಶುರು. ಮೊದಲು ಕೆಲವು ಶಾಲೆಗಳಲ್ಲಿ ಪರೀಕ್ಷೆ ಮಾಡಿ, 2009ರಿಂದ ದೇಶದ ಶಾಲೆಗಳಿಗೆಲ್ಲ ತೆರೆದರು. ಅಲ್ಲಿ ಹಣ ಎಲ್ಲಿಗೆ ಹೋಗುತ್ತದೆ ನೋಡಿ. ಕ್ಲಾಸ್ ಟೀಚರೇ ವರ್ಷಪೂರ್ತಿ ಪಾಠದ ಹಾಗೆ ಇದನ್ನು ತೆಗೆದುಕೊಳ್ಳುತ್ತಾರೆ. ಸುಮ್ಮನೆ ನಿಂತು ನೋಡುವ, ನಗುವ ಮಕ್ಕಳ ಮೇಲೇ ಅವರ ಕಣ್ಣು ಜಾಸ್ತಿ. ಯಾಕೆಂದರೆ ನೋಡಿ ನಗುವವರು ಇಲ್ಲದಿದ್ದರೆ ಕಾಟ ಕೊಡುವವನಿಗೆ ಹುಮ್ಮಸ್ಸು ಇರುವುದಿಲ್ಲ. ಗಂಭೀರ ಪ್ರಕರಣ ನೋಡಿಕೊಳ್ಳಲು ಪ್ರತಿ ಶಾಲೆಯಲ್ಲಿ ಕೆಲವು ಶಿಕ್ಷಕರ ತಂಡ ಇರುತ್ತದೆ. ಅವರು ನೊಂದ ಮಗುವಿನ ಹತ್ತಿರ ಬೇರೆಯಾಗಿ ಮಾತಾಡುತ್ತಾರೆ. ಸಭೆಯಲ್ಲಿ ಕೈ ಎತ್ತಿಸುವುದಿಲ್ಲ. ವಿರಾಮದ ಹೊತ್ತಲ್ಲಿ ಅಂಗಳದಲ್ಲಿ ನಿಲ್ಲುವ ಶಿಕ್ಷಕರಿಗೆ ದೂರದಿಂದ ಕಾಣುವ ಹೊಳೆಯುವ ಜಾಕೆಟ್ ಕೊಟ್ಟಿರುತ್ತಾರೆ. ಅದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ನಲ್ಲಿ. ಊಟದ ಹೊತ್ತಲ್ಲಿ ಅಲ್ಲಿ ಮೇಷ್ಟ್ರಾಗಲಿ, ಬೇರೆ ಹಿರಿಯರಾಗಲಿ ಒಬ್ಬರೂ ಇರುತ್ತಿರಲಿಲ್ಲ.

ಫಿನ್‌ಲ್ಯಾಂಡ್ ಶ್ರೀಮಂತ ದೇಶ, ನಮ್ಮಲ್ಲಿ ಆಗಲ್ಲ ಅನ್ನಬಹುದು. ನಾನು ಒಪ್ಪಲ್ಲ. ಸಮಗ್ರ ಶಿಕ್ಷಾ ಅನ್ನುವ ಸರ್ಕಾರಿ ಶಾಲಾ ಶಿಕ್ಷಣ ಯೋಜನೆಯಲ್ಲಿ 100 ದಾಟಿ 250ರ ಒಳಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50 ಸಾವಿರದವರೆಗೆ ಶಾಲಾ ಅನುದಾನ ಇದೆ. ಅದು ಸೀಮೆಸುಣ್ಣ, ಕರೆಂಟ್ ಬಿಲ್, ರಿಪೇರಿಗೇ ಮುಗಿಯುತ್ತದೆ, ನಿಜ. ಮಕ್ಕಳ ಸುರಕ್ಷತೆಗೆ ಪ್ರತಿವರ್ಷ ತಪ್ಪದೆ ಬರುವ ಬೇರೆ ಹಣ ಬೇಕು ಅಂತ ನಾವು ಜೋರಾಗಿ ಕೇಳಲೇಬೇಕು. ಆದರೆ ಆ ಹಣವೂ ಬ್ಯಾನರ್‌ಗೆ ಹೋಗುವುದಾದರೆ ಬರದಿರುವುದೇ ಮೇಲು.

ಈಗ ನೀವು ಮಾಡಬೇಕಾದ್ದು. ಆ ಸಂಸ್ಥೆಯವರಿಗೆ ಸದ್ಯಕ್ಕೆ ಬೇಡ ಅನ್ನಿ, ಉಚಿತ ಅಂದರೂ ಬೇಡ. ಒಂದು ವಾರ ಊಟದ ಹೊತ್ತಿಗೆ ಶಾಲೆಗೆ ಹೋಗಿ ಸುಮ್ನೆ ಕೂತು ನೋಡಿ. ಅಡುಗೆಯವರನ್ನು ಕೇಳಿ, ಅವರಿಗೆ ಯಾರು ಯಾರನ್ನು ಎಲ್ಲಿ ಹಿಡಿದುಕೊಳ್ಳುತ್ತಾರೆ ಅಂತ ಪೂರಾ ಗೊತ್ತಿರುತ್ತದೆ. ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ ನೋಡಿ. ಅಲ್ಲಿ ಕಂಡದ್ದನ್ನೇ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬರೆಸಿ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಆ ಯೋಜನೆ ಮಾಡುವುದು ನಿಮ್ಮ ಸಮಿತಿಯ ಕೆಲಸ, ಅನುದಾನಕ್ಕೂ ಅದೇ ಆಧಾರ. ಬಹಳ ಕಡೆ ಅದನ್ನು ಹಿಂದಿನ ವರ್ಷದ್ದು ನೋಡಿ ನಕಲು ಮಾಡಿ ಸಹಿ ಹಾಕಿಸುತ್ತಾರೆ. ನೀವು ಓದದೆ ಸಹಿ ಹಾಕಬೇಡಿ.

ಪಂಚಾಯ್ತಿಗೆ ನಲ್ಲಿ, ಚಿಲಕ ಅಂತಲೇ ಕೇಳಿ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರದಿಂದ ಗ್ರಾಮ ಪಂಚಾಯ್ತಿಗಳಿಗೆ ಬಂದ ಹಣದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ನಾವು ಮುಂದಿನ ವರ್ಷ ನಲ್ಲಿಗಳಿಗೆ ಹಣ ತಂದಿದ್ದು ಆ ಬಾಬತ್ತಿನಿಂದಲೇ. ಊಟದ ಹೊತ್ತು ನಿಲ್ಲಲು ಒಬ್ಬ ತಾಯಿಗೆ ಸಣ್ಣ ಗೌರವಧನ ಸ್ವಂತ ಸಂಪನ್ಮೂಲದಲ್ಲಿ ಆಗುತ್ತದಾ ಅಂತಲೂ ಕೇಳಿ. ನಮ್ಮಲ್ಲಿ ಪಂಚಾಯ್ತಿ ಒಪ್ಪಲಿಲ್ಲ, ಎಸ್‌ಡಿಎಂಸಿಯವರೇ ಕೈಯಿಂದ ಹಾಕಿಕೊಂಡೆವು. ಆ ತಾಯಿ ನಿಲ್ಲಲು ಶುರು ಮಾಡಿದ ಮೇಲೆ ಮೊಟ್ಟೆ ಕಿತ್ತುಕೊಳ್ಳುವುದು ನಿಂತಿತು.

ನಿಮ್ಮ ಶಾಲೆಯಲ್ಲಿ ಈಗಾಗಲೇ ಪೆಟ್ಟು ಬಿದ್ದಿರುವ ಮಗು ಇದ್ದರೆ ಯೋಜನೆ, ಅನುದಾನ ಅಂತ ಕಾಯಬೇಡಿ. ನಾಳೆಯೇ ಹೆಡ್‌ಮಾಸ್ಟರ ಜೊತೆ ಕೂತು ಮಾತಾಡಿ. ಅವರು ಕಿವಿಗೊಡದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ನೀವೂ ಫೋನ್ ಮಾಡಬಹುದು, ಮಗುವೇ ಮಾಡಬಹುದು.