ಇಸಿಜಿ ನಾರ್ಮಲ್ ಬಂದ ಮೇಲೂ ಎದೆ ಬಿಗಿಯುತ್ತಿದ್ದರೆ

ತಮ್ಮಾ, ನಿನ್ನ ಮೆಸೇಜಿನಲ್ಲಿ ನಮ್ಮ ಕಾಸರಗೋಡಿನ ಪೆರ್ಲದವನು ಅಂತ ನೋಡಿ ಖುಷಿಯಾಯಿತು. ಪೂರ್ತಿ ಓದಿದ ಮೇಲೆ ಸಂಕಟವೂ ಆಯಿತು. ದುಬೈಗೆ ಬಂದು ಎರಡು ತಿಂಗಳು. ರಾತ್ರಿ ಮಲಗಿದರೆ ಎದೆ ಬಿಗಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ, ಉಸಿರು ಸಾಲುವುದಿಲ್ಲ. ಇಸಿಜಿ, ರಕ್ತ ಪರೀಕ್ಷೆ ಎರಡೂ ನಾರ್ಮಲ್. ಆದರೂ ಧೈರ್ಯ ಬರುತ್ತಿಲ್ಲ, ಊರಿಗೆ ವಾಪಸ್ ಹೋಗಲಾ ಅಣ್ಣಾ ಅಂತ ಕೇಳಿದ್ದೀಯ. ಜೊತೆಗೆ ರೂಮು, ಊಟ, ಇನ್ಶೂರೆನ್ಸ್ ವಿಷಯವನ್ನೂ ಕೇಳಿದ್ದೀಯ.

ರೂಮು, ಊಟ ಹೇಗೋ ಆಗುತ್ತದೆ. ದೇರಾ, ಕರಾಮ ಕಡೆ ನಮ್ಮ ಕುಚ್ಚಲಕ್ಕಿ ಅನ್ನಕ್ಕೇನೂ ಬರವಿಲ್ಲ. ಇನ್ಶೂರೆನ್ಸನ್ನು ನೀನು ಕೆಲಸ ಮಾಡುವ ಕಂಪನಿಯೇ ಮಾಡಿಸಬೇಕು, ಇಲ್ಲಿ ಅದು ಕಡ್ಡಾಯ. ನಿನ್ನ ಕಾರ್ಡು ಯಾವ ಕ್ಲಿನಿಕ್ಕಿನಲ್ಲಿ ನಡೆಯುತ್ತದೆ ಅಂತ ಈಗಲೇ ನೋಡಿಟ್ಟುಕೋ. ಆಂಬುಲೆನ್ಸಿಗೆ 998.

ಇನ್ನು ಎದೆಯ ವಿಷಯ. ನಾನು ಬಂದ ಹೊಸತರಲ್ಲಿ ನನಗೂ ಇದೇ ಆಗಿತ್ತು. ಮೇಲಿನ ಮಂಚ, ಕಿವಿಯ ಹತ್ತಿರವೇ ಎಸಿ. ಯಾರಿಗೂ ಎಚ್ಚರವಾಗದ ಹಾಗೆ ಹೊದಿಕೆಯೊಳಗೆ ಮೊಬೈಲ್ ಬೆಳಕು ಹಿಡಿದು, ಕತ್ತಿನ ನಾಡಿ ಒತ್ತಿ ಎಣಿಸುತ್ತಿದ್ದೆ. ಎಣಿಸಿದಷ್ಟೂ ಹೊಡೆತ ಜಾಸ್ತಿ. ರೂಮಿನಲ್ಲಿ ಮಲಗಿದಲ್ಲೇ ತೀರಿಕೊಂಡ ಹುಡುಗರ ಸುದ್ದಿ ವಾಟ್ಸಾಪಿಗೆ ಬರುತ್ತಲೇ ಇರುತ್ತದೆ ಅಲ್ವಾ, ಅಂಥ ದಿನ ಇನ್ನೂ ಕಷ್ಟ.

ನೋವು ಸುಳ್ಳಲ್ಲ, ಇದನ್ನು ಮೊದಲು ತಿಳಿದುಕೋ. ಹೆದರಿದಾಗ ಉಸಿರಾಟ ಜೋರಾಗುತ್ತದೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗುತ್ತದೆ. ಬೆರಳು, ತುಟಿ ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಎದೆಯ ಸ್ನಾಯು ಬಿಗಿದು ನೋಯುತ್ತದೆ. ತೋಟದಲ್ಲಿ ಸೋಗೆ ಬಿದ್ದ ಸದ್ದಿಗೆ ನಾಯಿ ಬೊಗಳಿದ ಹಾಗೆ, ಕಳ್ಳ ಬಂದಿರಬೇಕೆಂದಿಲ್ಲ. ಇಂಥ ಹೆದರಿಕೆಯ ಹೊಡೆತಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ. ಆದರೆ ಮೆಟ್ಟಿಲು ಹತ್ತುವಾಗ ಎದೆ ಹಿಂಡಿದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರಿದರೆ, ಕಣ್ಣು ಕತ್ತಲೆ ಬಂದರೆ, ಇದು ಬರೀ ಹೆದರಿಕೆ ಅಂತ ಸುಮ್ನಿರಬೇಡ. ಆಂಬುಲೆನ್ಸ್ ಕರೆಸು.

ನಮ್ಮ ಕಡೆಯವರಿಗೆ ರೋಗದ ಭಯ ಸುಮ್ನೆ ಬಂದದ್ದಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಊರು ನಮ್ಮದು. 2000ದಲ್ಲಿ ಸಿಂಪಡಣೆ ನಿಂತಿತು, ನಮ್ಮ ಪಕ್ಕದ ಪಡ್ರೆ ಊರಿನ ಮಕ್ಕಳ ಕಷ್ಟ ನಿಲ್ಲಲಿಲ್ಲ. 2020ರಲ್ಲಿ ಕೊರೋನಾ ಅಂತ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ತೀರಿಕೊಂಡದ್ದು ನಿನಗೂ ನೆನಪಿರಬೇಕು. ಆಸ್ಪತ್ರೆ ಅಂದರೆ ದೂರ ಅಂತಲೇ ತಿಳಿದು ಬೆಳೆದವರು ನಾವು.

ನಮ್ಮ ಅಪ್ಪನಿಗೂ ಇದೇ ಇತ್ತು. ನಡುರಾತ್ರಿ ಎದ್ದು ಜಗಲಿಯಲ್ಲಿ ಕೂತು ಎದೆ ತಿಕ್ಕಿಕೊಳ್ಳುತ್ತಿದ್ದರು. ಗ್ಯಾಸ್ ಅಂತ ಅಮ್ಮ ಜೀರಿಗೆ ಕಷಾಯ ಮಾಡುತ್ತಿದ್ದಳು, ಮಧೂರು ಗಣಪತಿಗೆ ಅಪ್ಪ ಪ್ರಸಾದದ ಹರಕೆಯನ್ನೂ ಹೇಳಿಕೊಂಡಿದ್ದಳು. ಮಂಗಳೂರಿಗೆ ಕರೆದುಕೊಂಡು ಹೋದಾಗಲೆಲ್ಲ ರಿಪೋರ್ಟು ಚೆನ್ನಾಗಿರುತ್ತಿತ್ತು. ‘ಏನೂ ಇಲ್ಲ, ಸುಮ್ನೆ ಹೆದರಿಕೆ’ ಅನ್ನುತ್ತಿದ್ದರು ಎಲ್ಲರೂ. ಕೊನೆಗೆ ಅಪ್ಪ ಹೇಳುವುದನ್ನೇ ಬಿಟ್ಟರು. ಅದು ಮದ್ದಿರುವ ಕಾಯಿಲೆ ಅಂತ ನನಗೆ ಗೊತ್ತಾದದ್ದು ಇಲ್ಲಿ, ನನಗೇ ಬಂದಾಗ. ಅಷ್ಟರಲ್ಲಿ ಅಪ್ಪ ಇರಲಿಲ್ಲ. ಅವರ ಪಕ್ಕ ಕೂತು ಈ ಎರಡು ಮಾತು ಹೇಳಲು ಆಗಲಿಲ್ಲವಲ್ಲ ಅನ್ನುವ ನೋವು ಈಗಲೂ ಇದೆ.

ಅದಕ್ಕೇ ಹೇಳುವುದು, ಯಾರೋ ‘ಏನೂ ಇಲ್ಲ’ ಅಂದರೆ ಅಲ್ಲಿಗೆ ಬಿಡಬೇಡ. ಒಬ್ಬರೇ ಡಾಕ್ಟರನ್ನು ಹಿಡಿದುಕೋ. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿದ್ದಾರಾ ಕೇಳು, ಅವುಗಳಿಂದಲೂ ಎದೆ ಹೊಡೆದುಕೊಳ್ಳುತ್ತದೆ. ಅದೂ ಸರಿಯಿದ್ದರೆ ಮನೋವೈದ್ಯರ ಹತ್ತಿರ ಹೋಗು. ಇಲ್ಲಿ ಮಲಯಾಳ ಮಾತಾಡುವ ಡಾಕ್ಟರುಗಳು ಬೇಕಾದಷ್ಟಿದ್ದಾರೆ, ನಮಗೆ ಅದು ದೊಡ್ಡ ಅನುಕೂಲ. ಕ್ಲಿನಿಕ್ ಬದಲಿಸುತ್ತಾ ಇಸಿಜಿ ಮಾಡಿಸುತ್ತಾ ಹೋಗಬೇಡ. ರಿಪೋರ್ಟ್ ಬಂದ ದಿನ ನಿದ್ದೆ ಬರುತ್ತದೆ, ನಾಲ್ಕು ದಿನ ಕಳೆದರೆ ಮತ್ತೆ ಅದೇ ಸಂಶಯ. ಇನ್ನೊಂದು, ಊರಿನಿಂದ ಯಾರ ಕೈಯಲ್ಲೂ ನಿದ್ದೆ ಮಾತ್ರೆ, ಹೆದರಿಕೆ ಮಾತ್ರೆ ತರಿಸಬೇಡ. ಆಲ್ಪ್ರಜೋಲಾಮ್‌ನಂಥವನ್ನು ಅನುಮತಿ ಇಲ್ಲದೆ ತಂದರೆ ಇಲ್ಲಿ ಕೇಸಾಗುತ್ತದೆ, ತಂದವನಿಗೆ.

ಇದೊಂದಕ್ಕೇ ಹೆದರಿ ಕೆಲಸ ಬಿಟ್ಟು ಹೋಗಬೇಡ. ಊರಿಗೆ ಹೋದರೂ ಇದು ಜೊತೆಗೇ ಬರುತ್ತದೆ. ರಾತ್ರಿ ಸುಲೈಮಾನಿ ಚಹಾ ಬಿಡು, ನಾಡಿ ತೋರಿಸುವ ವಾಚು ಕಟ್ಟಬೇಡ. ಪಕ್ಕದ ಮಂಚದವನಿಗೆ ವಿಷಯ ಹೇಳಿಡು. ರೂಮು ಯಾವ ಕಡೆ ಅಂತ ತಿಳಿಸು, ಡಾಕ್ಟರ ಹತ್ತಿರ ಹೋಗುವ ದಿನ ನಾನೂ ಬರುತ್ತೇನೆ.