ಎಲ್ಮೋರ್ ಜೇಮ್ಸ್ ಒಂದೇ ರಿಫ್ ನುಡಿಸಿದವನೇ?

ಎಲ್ಲ ಹಾಡಿನಲ್ಲೂ ಅದೇ ರಿಫ್ (ಮರುಕಳಿಸುವ ಚಿಕ್ಕ ಸ್ವರಗುಚ್ಛ) ನುಡಿಸುವ ಅಮೆರಿಕದ ಬ್ಲೂಸ್ ಗಿಟಾರಿಗ, ಗಾಯಕ ಎಲ್ಮೋರ್ ಜೇಮ್ಸ್‌ಗೆ ಇಷ್ಟು ದೊಡ್ಡ ಹೆಸರೇಕೆ, ಅವನನ್ನು ಕೇಳುವುದಾದರೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ.

ದೂರಿನಲ್ಲಿ ಹುರುಳಿದೆ. 1951ರ ಆಗಸ್ಟ್‌ನಲ್ಲಿ ಮಿಸಿಸಿಪಿಯ ಜ್ಯಾಕ್ಸನ್‌ನಲ್ಲಿ ಮುದ್ರಿಸಿದ ‘ಡಸ್ಟ್ ಮೈ ಬ್ರೂಮ್’ ಗೆದ್ದ ಮೇಲೆ ಅದೇ ರಿಫ್ ‘ಐ ಬಿಲೀವ್’ ಎಂದೂ ‘ಡಸ್ಟ್ ಮೈ ಬ್ಲೂಸ್’ ಎಂದೂ ವೇಷ ಬದಲಿಸಿ ಬಂತು. ಇನ್ನೂ ಒಂದು ಮಾತು ನಿಮ್ಮ ವಾದಕ್ಕೇ ಸೇರಿಸುತ್ತೇನೆ: ರಿಫ್ ಅವನ ಸ್ವಂತದ್ದೂ ಅಲ್ಲ. ಬ್ಲೂಸ್ ಗಾಯಕ, ಗಿಟಾರಿಗ ರಾಬರ್ಟ್ ಜಾನ್ಸನ್ ಅದನ್ನು 1936ರಲ್ಲೇ ನುಡಿಸಿದ್ದ.

ಆದರೆ ಜಾನ್ಸನ್ ಆ ಹಾಡಿನಲ್ಲಿ ಸ್ಲೈಡ್, ಅಂದರೆ ತಂತಿಗಳ ಮೇಲೆ ಜಾರಿಸುವ ಕೊಳವೆ, ಬಳಸಲಿಲ್ಲ. ಒಂಟಿ ಗಿಟಾರಿನ ಮೇಲೆ ಬರಿಯ ಬೆರಳುಗಳಿಂದ ನುಡಿಸಿದ. ಜೇಮ್ಸ್ ಗಿಟಾರನ್ನು ಓಪನ್ ಡಿ ಶ್ರುತಿಗೆ (ಬರಿ ತಂತಿಗಳನ್ನು ಮೀಟಿದರೇ ಡಿ ಸ್ವರಮೇಳ ಬರುವಂತೆ) ತಂದು, ಬೆರಳಿಗೆ ಲೋಹದ ಕೊಳವೆ ತೊಟ್ಟು, ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳಲ್ಲಿ ಹನ್ನೆರಡನೆಯ ಫ್ರೆಟ್‌ಗೆ ಜಾರಿಸಿ ಅಲ್ಲಿ ಮೂರು ಮೂರರ ಗತಿಯಲ್ಲಿ ತಂತಿಗಳನ್ನು ಬಡಿದ. ಜಾರು ಗಮಕ ಬಲ್ಲ ಕಿವಿಗಳಿಗೆ ಆ ಎಳೆತದ ಸೊಗಸನ್ನು ನಾನು ವಿವರಿಸಬೇಕಿಲ್ಲ. ಹೊಸತೆಂದರೆ ಅದರ ಒರಟುತನ. ನೌಕಾಪಡೆಯಿಂದ ಮರಳಿದ ಮೇಲೆ ಅವನು ಮಿಸಿಸಿಪಿಯ ಕ್ಯಾಂಟನ್ ಊರಿನ ರೇಡಿಯೊ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡಿದ್ದ. ಸಾದಾ ಗಿಟಾರಿಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಕೂರಿಸಿ, ಆಂಪ್ಲಿಫೈಯರನ್ನು ಅದರ ತಾಳಿಕೆಯಾಚೆ ದುಡಿಸಿ, ಒಡೆದುಹೋದ ದನಿಯನ್ನೇ ತನ್ನ ದನಿ ಮಾಡಿಕೊಂಡ. ಮುಂದೆ ರಾಕ್ ಗಿಟಾರಿಗರು ದುಡ್ಡು ಸುರಿದು ಹುಡುಕಿದ್ದು ಇದನ್ನೇ.

ಹಾಗಾಗಿ ಅವನ ಕೊಡುಗೆ ರಿಫ್ ಅಲ್ಲ, ನಾದ ಎಂಬುದು ನನ್ನ ಉತ್ತರ. ರಿಫ್ಫನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿತಾರು. 1959ರಲ್ಲಿ ಷಿಕಾಗೊದಲ್ಲಿ ಮುದ್ರಿಸಿದ ‘ದ ಸ್ಕೈ ಈಸ್ ಕ್ರೈಯಿಂಗ್’ ಕೇಳಿ ನೋಡಿ. ಅಲ್ಲಿ ಆ ಹಳೆಯ ರಿಫ್ ಇಲ್ಲ. ಲಯ ನಿಧಾನ, ಹಾಡಿನ ಸಾಲು ಮುಗಿಯುವ ಮೊದಲೇ ಗಿಟಾರ್ ಬಾಯಿ ಹಾಕುತ್ತದೆ. ಕಂಠ ಇನ್ನೇನು ಹರಿಯಿತು ಎನ್ನುವಷ್ಟು ಬಿಗಿದಿದೆ. ಸ್ಲೈಡ್ ಗಿಟಾರಿಗನೆಂದು ಹೊಗಳುವವರು ಅವನ ಗಾಯನವನ್ನು ಮರೆಯುವುದು ನನಗೆ ಸದಾ ಕಿರಿಕಿರಿ.

1963ರ ಮೇ ತಿಂಗಳಲ್ಲಿ ಹೃದಯಾಘಾತದಿಂದ ಸತ್ತಾಗ ಅವನಿಗೆ 45 ವರ್ಷ. ಅಷ್ಟರಲ್ಲಿ ಲಂಡನ್ ಅವನನ್ನು ಹಿಡಿದುಕೊಂಡಿತ್ತು: 1962ರಲ್ಲಿ ಈಲಿಂಗ್‌ನ ಕ್ಲಬ್ಬೊಂದರಲ್ಲಿ ‘ಎಲ್ಮೋ ಲೂಯಿಸ್’ ಎಂದು ಹೆಸರಿಟ್ಟುಕೊಂಡು ‘ಡಸ್ಟ್ ಮೈ ಬ್ರೂಮ್’ ನುಡಿಸುತ್ತಿದ್ದ ಬ್ರಯಾನ್ ಜೋನ್ಸ್‌ನನ್ನು ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್ ಮೊದಲು ಕಂಡರು. ರೋಲಿಂಗ್ ಸ್ಟೋನ್ಸ್ ತಂಡದ ಬೀಜ ಅಲ್ಲಿದೆ. ಫ್ಲೀಟ್‌ವುಡ್ ಮ್ಯಾಕ್‌ನ ಗಿಟಾರಿಗ ಜೆರೆಮಿ ಸ್ಪೆನ್ಸರ್ ಆರಂಭದ ದಿನಗಳಲ್ಲಿ ಹೆಚ್ಚುಕಡಿಮೆ ಜೇಮ್ಸ್‌ನ ಪಡಿಯಚ್ಚು. ಬೀಟಲ್ಸ್‌ನ ‘ಫಾರ್ ಯು ಬ್ಲೂ’ ಹಾಡಿನಲ್ಲಂತೂ ಜಾನ್ ಲೆನನ್ ಸ್ಲೈಡ್ ನುಡಿಸುತ್ತಿರುವಾಗ, ಇವನ ಮುಂದೆ ಎಲ್ಮೋರ್ ಜೇಮ್ಸ್ ಏನೂ ಅಲ್ಲ ಎಂದು ಜಾರ್ಜ್ ಹ್ಯಾರಿಸನ್ ತಮಾಷೆ ಮಾಡುತ್ತಾನೆ. ಅಮೆರಿಕದಲ್ಲಿ ಆಲ್ಮನ್ ಬ್ರದರ್ಸ್ ತಂಡದ ಗಿಟಾರಿಗ ಡ್ವೇನ್ ಆಲ್ಮನ್ ಇದ್ದ. 1971ರ ‘ಅಟ್ ಫಿಲ್‌ಮೋರ್ ಈಸ್ಟ್’ ಆಲ್ಬಮಿನ ಎರಡನೆಯ ಹಾಡು ಜೇಮ್ಸ್‌ನದು. ಆಲ್ಮನ್‌ನ ನಾದ ಹೆಚ್ಚು ನಯ, ಕಲ್ಪನೆ ಹೆಚ್ಚು ಉದ್ದ. ಆದರೂ ಷಿಕಾಗೊದ ಸ್ಲೈಡ್ ಗಿಟಾರಿಗ ಹೌಂಡ್ ಡಾಗ್ ಟೇಲರ್ ಗುರುವಿಗೆ ಹೆಚ್ಚು ನಿಷ್ಠ ಎಂದು ನನ್ನ ಎಣಿಕೆ: ಅಗ್ಗದ ಗಿಟಾರ್, ಕಿವಿಗಡಚಿಕ್ಕುವ ಆಂಪ್, ನಾಚಿಕೆಯಿಲ್ಲದ ಗದ್ದಲ.

ಶುರು ಮಾಡಲು ಜಾನ್ಸನ್‌ನ 1936ರ ಮುದ್ರಿಕೆಯನ್ನೂ ಜೇಮ್ಸ್‌ನ 1951ರದ್ದನ್ನೂ ಒಂದರ ಹಿಂದೆ ಒಂದು ಕೇಳಿ, ಆಮೇಲೆ ‘ದ ಸ್ಕೈ ಈಸ್ ಕ್ರೈಯಿಂಗ್’, ‘ಇಟ್ ಹರ್ಟ್ಸ್ ಮಿ ಟೂ’. ನಿಮ್ಮ ಬಳಿ ಗಿಟಾರ್ ಇದ್ದರೆ ದಪ್ಪ ತಂತಿಯಿಂದ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಎಂದು ಶ್ರುತಿ ಮಾಡಿ. ಸ್ಲೈಡ್ ಫ್ರೆಟ್‌ಗಳ ನಡುವೆ ನಿಲ್ಲಬಾರದು, ಫ್ರೆಟ್‌ನ ಲೋಹದ ಪಟ್ಟಿಯ ನೇರ ಮೇಲೆಯೇ ನಿಲ್ಲಬೇಕು; ಒತ್ತಿದರೆ ಕಟಕಟ ಸದ್ದು ಬರುತ್ತದೆ.