ಇಮೇಲಿನಲ್ಲಿ ಕೇಳಿದರೆ ತಾನೇ ತಿದ್ದುಪಡಿ ಕಳಿಸುವ ವ್ಯವಸ್ಥೆ: ಮಡಗಾಂವಿನ ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕ, ನಮಸ್ಕಾರ. ಹೊಸದಾಗಿ ಸೇರಿದವರಿಗಾಗಿ ನಿಮ್ಮ ಪ್ರಶ್ನೆಯನ್ನು ಒಮ್ಮೆ ಹೇಳಿಬಿಡುತ್ತೇನೆ. ಮಳೆಮಾಪಕಕ್ಕೆ ಜೋಡಿಸಿದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಗಾಗಿ ನೀವು ಬರೆದ ಪೈಥಾನ್ ತಂತ್ರಾಂಶವನ್ನು ಗೋವಾ, ಪುಣೆ, ಮುಂಬೈಯ ನಮ್ಮ ಹವ್ಯಾಸಿಗಳು ಬಳಸುತ್ತಿದ್ದಾರೆ. ಪ್ರತಿ ಸಣ್ಣ ತಿದ್ದುಪಡಿಗೂ "ನನಗೂ ಕಳಿಸಿ", "ಹಿಂದಿನದು ಸಿಗಲೇ ಇಲ್ಲ" ಎಂಬ ಬೇಡಿಕೆ ತಪ್ಪಿದ್ದಲ್ಲ. ಒಂದು ವಿಳಾಸಕ್ಕೆ ಇಮೇಲ್ ಬರೆದು ಕೇಳಿದವರಿಗೆ ಕಡತ ತಾನಾಗಿ ಹೋಗುವಂತೆ ಮಾಡಬಹುದೇ ಎಂದು ಕೇಳಿದ್ದೀರಿ.

ಖಂಡಿತ ಮಾಡಬಹುದು. ಕಳಿಸುವ ಭಾಗ ಒಂದು ಸಂಜೆಯ ಕೆಲಸ. ಯಾರಿಗೆ, ಯಾವಾಗ ಉತ್ತರಿಸದೆ ಸುಮ್ಮನಿರಬೇಕು ಎಂದು ಯಂತ್ರಕ್ಕೆ ಕಲಿಸುವುದರಲ್ಲೇ ನಿಜವಾದ ಕೆಲಸವೆಲ್ಲ ಇದೆ. ಅದನ್ನು ಮೊದಲು ಬರೆಯಿರಿ, ಕಳಿಸುವುದನ್ನು ಆಮೇಲೆ.

ವಾಟ್ಸ್‌ಆ್ಯಪ್ ಸಾಕಲ್ಲವೇ ಎಂದು ಪುಣೆಯ ಮಿತ್ರರು ಮೇಲೆ ಕೇಳಿದ್ದಾರೆ. ಅಲ್ಲಿ ಕಳಿಸಲು ಪ್ರತಿ ಸಲವೂ ಒಬ್ಬ ಮನುಷ್ಯ ಎದ್ದು ಕೂರಬೇಕು, ಫೋನಿಗೆ ಬಂದದ್ದನ್ನು ಮತ್ತೆ ಪೈಗೆ ಸಾಗಿಸಬೇಕು. ಇಮೇಲಾದರೆ ನೇರವಾಗಿ ಪೈಯಲ್ಲೇ ತೆರೆಯಬಹುದು. ಗೋವಾದ ಸತ್ತರಿ ಕಡೆಯ ಹಳ್ಳಿಯಲ್ಲಿ ಜುಲೈ ತಿಂಗಳಲ್ಲಿ ನೆಟ್‌ವರ್ಕ್ ಹೋದರೂ ಪತ್ರ ಕಾಯುತ್ತದೆ. ಎದುರಿನ ಸರ್ವರ್ ಸಿಗದಿದ್ದರೆ ಕಳಿಸುವ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಇದು ಹಳೆಯ, ಪಳಗಿದ ದಾರಿ. 1985ರಲ್ಲಿ ಜ್ಯಾಕ್ ಡೊಂಗಾರಾ ಮತ್ತು ಎರಿಕ್ ಗ್ರಾಸ್ ಅವರು ಅಮೆರಿಕದ ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಮತ್ತು ಬೆಲ್ ಲ್ಯಾಬ್ಸ್‌ನಿಂದ ನೆಟ್‌ಲಿಬ್ ಶುರು ಮಾಡಿದರು, ಇಮೇಲಿನಲ್ಲಿ ಕೇಳಿದವರಿಗೆ ಗಣಿತದ ತಂತ್ರಾಂಶ ಕಳಿಸುವ ವ್ಯವಸ್ಥೆ ಅದು. "ಸೆಂಡ್ ಇಂಡೆಕ್ಸ್" ಎಂದು ಒಂದು ಸಾಲು ಬರೆದು ಕಳಿಸಿದರೆ ಪಟ್ಟಿ ಬರುತ್ತಿತ್ತು. ಲಿನ್‌ಪ್ಯಾಕ್‌ನ (ಅದೊಂದು ತಂತ್ರಾಂಶ ಸಂಗ್ರಹ) ಒಂದು ಗಣಿತದ ರೂಟೀನ್, ಅಂದರೆ ಲೆಕ್ಕ ಮಾಡುವ ತುಣುಕು, ಕೇಳಿದರೆ ಅದು ನೆಚ್ಚಿಕೊಂಡ ಉಳಿದ ರೂಟೀನುಗಳೂ ಜೊತೆಗೇ ಬರುತ್ತಿದ್ದವು. ನಮಗೆ ಬೇಕಾದ ಪಾಠ ಈ ಕೊನೆಯ ಮಾತಿನಲ್ಲಿದೆ, ಕೆಳಗೆ ಹೇಳುತ್ತೇನೆ. ನಮ್ಮ ಮುಂಬೈಯಲ್ಲೂ 1987ರಲ್ಲಿ ಜುಹುವಿನ ತಂತ್ರಾಂಶ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ ಮತ್ತು ಪೊವಾಯಿಯ ಐಐಟಿ ನಡುವೆ ದೂರವಾಣಿ ತಂತಿಯ ಮೇಲೆ ಇಮೇಲ್ ಓಡಾಡತೊಡಗಿತ್ತು. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಲಿನಕ್ಸ್ ಕರ್ನಲ್‌ನ ತಿದ್ದುಪಡಿಗಳು ಇಂದಿಗೂ ಇಮೇಲಿನಲ್ಲೇ ಹೋಗಿ ಬರುತ್ತವೆ.

ಈಗ ಆಜ್ಞೆಗಳ ವಿಚಾರ. ಮೂರು ಸಾಕು: "ಪಟ್ಟಿ", "ಕೊಡು 14", "ಪೂರ್ತಿ". ಕನ್ನಡದಲ್ಲೇ ಇಡಿ, ನಮ್ಮವರಿಗೆ ಅದೇ ಸಲೀಸು. ಆದರೆ ವಿಷಯದ ಸಾಲಿನಲ್ಲಿ ಬರೆದ ಕನ್ನಡ ಇಮೇಲಿನೊಳಗೆ ಸಾಮಾನ್ಯವಾಗಿ ಸಂಕೇತ ರೂಪದಲ್ಲಿ ಸಾಗುತ್ತದೆ, ಮೊದಲು ಅದನ್ನು ಬಿಡಿಸಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು "ಕೊಡು" ಎಂಬಲ್ಲಿನ ಒತ್ವ. ಯೂನಿಕೋಡ್‌ನಲ್ಲಿ ಅದು ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಆದ್ದರಿಂದ ಬಂದ ಪಠ್ಯವನ್ನು, ಈ ಎರಡನ್ನೂ ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು, ಕೆಲವು ಕೀಲಿಮಣೆಗಳು ನಡುವೆ ತುರುಕುವ ಅದೃಶ್ಯ ಅಕ್ಷರಗಳನ್ನು ತೆಗೆದು, ಆಮೇಲೆ ಹೋಲಿಸಿ. ಯಾರಾದರೂ ೧೪ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಚಿಂತೆಯಿಲ್ಲ, ಪೈಥಾನ್ ಅದನ್ನು ಸಂಖ್ಯೆಯಾಗಿಯೇ ಓದುತ್ತದೆ.

ಬಂದ ಪದವನ್ನು ಯಾವ ಕಾರಣಕ್ಕೂ ಕಡತದ ಹೆಸರಿಗೆ ಅಂಟಿಸಬೇಡಿ, ಆಜ್ಞೆಗಳನ್ನು ಓಡಿಸುವ ಶೆಲ್ಲಿಗೆ ಕೊಡಬೇಡಿ. ಎರಡು ಚುಕ್ಕಿ, ಒಂದು ಓರೆಗೆರೆ ಸೇರಿಸಿ ಬೇರೆ ಫೋಲ್ಡರಿನ ಕಡತ ಕೇಳುವವರು ಇರುತ್ತಾರೆ. ಸಂಖ್ಯೆಗೆ ಎದುರಾಗಿ ಕಡತದ ಹೆಸರು ಇರುವ ಒಂದು ಕೋಷ್ಟಕ ಇಡಿ. ಅದರಲ್ಲಿ ಇಲ್ಲದ ಸಂಖ್ಯೆ ಬಂದರೆ ಪಟ್ಟಿ ಕಳಿಸಿ, ಅಷ್ಟೇ.

ಇನ್ನು ಸುಮ್ಮನಿರುವ ವಿಷಯ. ಚೌತಿಗೆ ಅರ್ಧ ಗುಂಪು ಊರಿಗೆ ಹೊರಡುತ್ತದೆ, ಹೋಗುವಾಗ "ನಾನು ರಜೆಯಲ್ಲಿದ್ದೇನೆ" ಎಂಬ ಸ್ವಯಂ ಉತ್ತರ ಹಾಕಿ ಹೋಗುತ್ತದೆ. ನಿಮ್ಮ ಯಂತ್ರ ಕಳಿಸಿದ ಪತ್ರಕ್ಕೆ ಆ ರಜೆಯ ಉತ್ತರ ಬರುತ್ತದೆ, ವಿಷಯದ ಸಾಲಿನಲ್ಲಿ ಹಳೆಯ "ಕೊಡು 14" ಹಾಗೆಯೇ ಇರುತ್ತದೆ. ನಿಮ್ಮ ಯಂತ್ರ ಮತ್ತೆ ಕಳಿಸುತ್ತದೆ, ಅದು ಮತ್ತೆ ಉತ್ತರಿಸುತ್ತದೆ. ಎರಡೂ ಕಡೆ ತಡೆ ಇಲ್ಲದೆ ಇಂಥವರು ಹಲವರಿದ್ದರೆ ಬೇಗನೆ ಜಿಮೇಲ್‌ನ ದಿನದ ಮಿತಿಯಾದ 500 ಪತ್ರಗಳು ಮುಗಿದಿರುತ್ತವೆ. ಇದಕ್ಕೆ 2004ರ ಇಂಟರ್ನೆಟ್ ಶಿಷ್ಟತೆಯ ದಾಖಲೆ ಆರ್‌ಎಫ್‌ಸಿ 3834 ಸ್ಪಷ್ಟ ದಾರಿ ಹಾಕಿಕೊಟ್ಟಿದೆ. ಪತ್ರದ ತಲೆಬರಹದಲ್ಲಿ (ಸಾಮಾನ್ಯವಾಗಿ ಕಣ್ಣಿಗೆ ಕಾಣದ ವಿವರಗಳ ಭಾಗದಲ್ಲಿ) "ಆಟೋ-ಸಬ್‌ಮಿಟೆಡ್" ಎಂಬ ಸಾಲು ಇದ್ದು, ಅದರ ಮೌಲ್ಯ "ನೋ" ಅಲ್ಲದೆ ಬೇರೇನಾದರೂ ಆಗಿದ್ದರೆ ಉತ್ತರಿಸಬಾರದು. ಹಿಂದಿರುಗಿಸುವ ವಿಳಾಸ ಖಾಲಿ ಇದ್ದರೂ ಉತ್ತರಿಸಬಾರದು, ಅದು ತಲುಪದೆ ವಾಪಸಾದ ಪತ್ರದ ಲಕ್ಷಣ. ನಿಮ್ಮ ಯಂತ್ರ ಕಳಿಸುವ ಪ್ರತಿ ಪತ್ರದಲ್ಲೂ ಅದೇ ಸಾಲನ್ನು "ಆಟೋ-ರಿಪ್ಲೈಡ್" ಎಂದು ಸೇರಿಸಿ. ಜೊತೆಗೆ ಒಂದು ವಿಳಾಸಕ್ಕೆ ದಿನಕ್ಕೆ ಐದೋ ಆರೋ ಪತ್ರ ಮಾತ್ರ ಎಂಬ ಕಡಿವಾಣ ಇರಲಿ. ಮೇಲಿನದೆಲ್ಲ ತಪ್ಪಿದರೂ ಇದು ಕಾಯುತ್ತದೆ.

ಗುಂಪಿನ ಸದಸ್ಯರ ವಿಳಾಸಕ್ಕಲ್ಲದೆ ಬೇರೆ ಯಾರಿಗೂ ಉತ್ತರ ಹೋಗಬಾರದು. "ನೀವು ಸದಸ್ಯರಲ್ಲ" ಎಂಬ ಸೌಜನ್ಯದ ಉತ್ತರ ಕೂಡ ಬೇಡ. ಕಳಿಸಿದವರ ವಿಳಾಸವನ್ನು ಸುಲಭವಾಗಿ ನಕಲಿ ಮಾಡಬಹುದಾದ್ದರಿಂದ, ಏನೂ ಕೇಳದ ಯಾರದೋ ಅಂಚೆಪೆಟ್ಟಿಗೆಗೆ ನಿಮ್ಮ ಯಂತ್ರ ಕಸ ಸುರಿದಂತಾಗುತ್ತದೆ.

ಕಳಿಸಬೇಕಾದ ವಸ್ತು ಪ್ಯಾಚ್, ಅಂದರೆ ಬದಲಾವಣೆಯನ್ನಷ್ಟೇ ಹೇಳುವ ಕಡತ, ಆಗಿರಲಿ, ಇಡೀ ತಂತ್ರಾಂಶ ಕೇಳಿದವರಿಗೆ ಮಾತ್ರ. ನಿಮ್ಮ ಕಳೆದ ತಿದ್ದುಪಡಿಯನ್ನೇ ನೋಡಿ. ಮಾಪಕದೊಳಗಿನ ಪುಟ್ಟ ಬಕೆಟ್ ಒಮ್ಮೆ ಮಗುಚಿದರೆ 0.2 ಮಿಲಿಮೀಟರ್ ಎಂದು ಲೆಕ್ಕ ಹಾಕುತ್ತಿದ್ದೆವು, ಹಲವರ ಬಳಿ ಇರುವ ಮಾಪಕಕ್ಕೆ ಅದು 0.2794:

-    ಮಳೆ = ಮಗುಚು * 0.2
+    ಮಳೆ = ಮಗುಚು * 0.2794

ಬದಲಾದದ್ದು ಇಷ್ಟೇ. ಸುತ್ತಲಿನ ಮೂರು ಮೂರು ಸಾಲುಗಳು ಜೊತೆಗೆ ಹೋಗುತ್ತವೆ, ಅವುಗಳ ನೆರವಿನಿಂದ ಪ್ಯಾಚ್ ಉಪಕರಣ ಸರಿಯಾದ ಜಾಗ ಹುಡುಕಿಕೊಳ್ಳುತ್ತದೆ; ಮೇಲೆ ಕೆಲವು ಸಾಲು ಹೆಚ್ಚಾಗಿದ್ದರೂ ತಪ್ಪುವುದಿಲ್ಲ. ಪ್ರೋಗ್ರಾಮರ್ ಲ್ಯಾರಿ ವಾಲ್ ಆ ಉಪಕರಣವನ್ನು ಬರೆದದ್ದು 1985ರಲ್ಲಿ, ನಾನು ದಿನವೂ ಬಳಸುತ್ತೇನೆ. ಪ್ಯಾಚ್ ಓದಿದರೆ ಏನು ಬದಲಾಯಿತೆಂದು ಸದಸ್ಯರಿಗೂ ತಿಳಿಯುತ್ತದೆ ಎಂಬುದು ನನಗೆ ತುಂಬ ಮುಖ್ಯ.

ಪ್ಯಾಚನ್ನು ಪತ್ರದ ಒಡಲಿನಲ್ಲಿ ಹಾಕದೆ ಲಗತ್ತಾಗಿಯೇ ಕಳಿಸಿ. ಒಡಲಿನಲ್ಲಿದ್ದರೆ ಉದ್ದ ಸಾಲುಗಳು ನಡುವೆ ಮುರಿಯುತ್ತವೆ, ಟ್ಯಾಬ್‌ಗಳು ಖಾಲಿ ಜಾಗಗಳಾಗುತ್ತವೆ. ಪೈಥಾನಿನಲ್ಲಿ ಸಾಲಿನ ಆರಂಭದ ಜಾಗಕ್ಕೆ ಅರ್ಥವಿದೆ, ಅದು ಕೆಟ್ಟರೆ ತಂತ್ರಾಂಶವೇ ಕೆಟ್ಟಂತೆ. "ಪೂರ್ತಿ" ಕೇಳಿದವರಿಗೆ ಕಳಿಸುವ ಜಿಪ್ ಕಡತ ಚಿಕ್ಕದಿರಲಿ: ಜಿಮೇಲ್‌ನ ಮಿತಿ 25 ಎಂಬಿ, ಲಗತ್ತು ದಾರಿಯಲ್ಲಿ ಮೂರನೇ ಒಂದು ಭಾಗದಷ್ಟು ಊದಿಕೊಳ್ಳುತ್ತದೆ. ಅದರೊಳಗೆ ವಿಂಡೋಸ್‌ನ ಇಎಕ್ಸ್‌ಇ ಕಡತವಿದ್ದರೆ ತಡೆದುಬಿಡುತ್ತಾರೆ.

ನೆಟ್‌ಲಿಬ್‌ನ ಪಾಠ ಇಲ್ಲಿ. 14ನೆಯ ಪ್ಯಾಚ್ 13ನ್ನು ನೆಚ್ಚಿಕೊಂಡಿದ್ದರೆ, 11ರಲ್ಲೇ ನಿಂತವರಿಗೆ ಅದೊಂದೇ ಹೋಗಿ ಪ್ರಯೋಜನವಿಲ್ಲ. "ಕೊಡು 14" ಎಂದವರು ತಮ್ಮ ಆವೃತ್ತಿಯನ್ನೂ ಬರೆಯಲಿ, "ಕೊಡು 14, ಇರುವುದು 11" ಎಂದು. ಯಂತ್ರ 12, 13, 14 ಮೂರನ್ನೂ ಅನುಕ್ರಮದಲ್ಲಿ ಕಳಿಸಲಿ. ಹಚ್ಚುವ ಮುನ್ನ "ಡ್ರೈ-ರನ್" ಆಯ್ಕೆಯಿಂದ, ಏನನ್ನೂ ಬದಲಿಸದೆ, ಪರೀಕ್ಷಿಸುವ ಆಜ್ಞೆಯನ್ನು ಪ್ರತಿ ಪತ್ರದಲ್ಲೂ ಬರೆದು ಕಳಿಸಿ. ತಾನೇ ಹಚ್ಚಿಕೊಳ್ಳುವ ವ್ಯವಸ್ಥೆ ಮಾತ್ರ ಬೇಡವೇ ಬೇಡ.

ಏಕೆಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಪ್ಯಾಚ್ ಕಳಿಸಬಹುದು. ಪ್ರತಿ ಕಡತಕ್ಕೂ ಜಿಪಿಜಿ ಎಂಬ ತಂತ್ರಾಂಶದಿಂದ ಡಿಜಿಟಲ್ ಸಹಿ ಹಾಕಿ. ಸಹಿಯ ಗುಪ್ತ ಕೀಲಿ ನಿಮ್ಮ ಲ್ಯಾಪ್‌ಟಾಪಿನಲ್ಲಿರಲಿ, ಉತ್ತರಿಸುವ ಯಂತ್ರದಲ್ಲಿ ಇರಲೇಬಾರದು. ಆ ಯಂತ್ರಕ್ಕೆ ಮೊದಲೇ ಸಹಿಯಾದ ಕಡತಗಳನ್ನು ಹಂಚುವ ಕೆಲಸವಷ್ಟೇ. ಕೀಲಿಯ ಬೆರಳಚ್ಚನ್ನು (ಅದನ್ನು ಗುರುತಿಸುವ ಅಂಕಿ-ಅಕ್ಷರಗಳ ಸಾಲನ್ನು) ಮುಂದಿನ ಸಲ ಮಾಟುಂಗದಲ್ಲಿ ಸೇರಿದಾಗ ಗಟ್ಟಿಯಾಗಿ ಓದಿ, ಎಲ್ಲರೂ ಬರೆದುಕೊಳ್ಳಲಿ. ಇಮೇಲಿನಲ್ಲೇ ಕಳಿಸಿದರೆ ನಕಲಿ ಪ್ಯಾಚಿನ ಜೊತೆ ನಕಲಿ ಬೆರಳಚ್ಚೂ ಬರಬಹುದು.

ಉಳಿದದ್ದು ಸರಳ. ಇದಕ್ಕೆಂದೇ ಒಂದು ಹೊಸ ಜಿಮೇಲ್ ಖಾತೆ, ಎರಡು ಹಂತದ ಪರಿಶೀಲನೆ, ಅದರಿಂದ ಸ್ಕ್ರಿಪ್ಟಿಗೆಂದೇ ಪಡೆದ ಆ್ಯಪ್ ಪಾಸ್‌ವರ್ಡ್. ಪೈಥಾನಿನಲ್ಲಿ ಪತ್ರ ಓದುವ ಐಮ್ಯಾಪ್ ಮತ್ತು ಪತ್ರ ಕಳಿಸುವ ಎಸ್‌ಎಮ್‌ಟಿಪಿ ಮಾಡ್ಯೂಲ್‌ಗಳು ಸಾಕು, ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸುವ ಕ್ರಾನ್ ಹತ್ತು ನಿಮಿಷಕ್ಕೊಮ್ಮೆ ಓಡಿಸಲಿ. ಬಂದದ್ದು, ಹೋದದ್ದು, ಸುಮ್ಮನಿದ್ದದ್ದು ಮೂರನ್ನೂ ದಾಖಲಿಸಿಡಿ. ಯಂತ್ರವನ್ನು ಡೊಂಬಿವಲಿಯ ನನ್ನ ಮನೆಯಲ್ಲಿ ಇಡಲು ನಾನು ಸಿದ್ಧ.

ಜೂನ್‌ಗೆ ಮೊದಲೇ ಗೋವಾದ ಇಬ್ಬರು, ಪುಣೆಯ ಒಬ್ಬರ ವಿಳಾಸ ಮಾತ್ರ ಸೇರಿಸಿ ಪರೀಕ್ಷಿಸೋಣ. ಅವರಲ್ಲಿ ಒಬ್ಬರು ಬೇಕೆಂದೇ ರಜೆಯ ಉತ್ತರ ಹಾಕಿಟ್ಟಿರಲಿ. ಸ್ಕ್ರಿಪ್ಟಿನ ಕರಡನ್ನು ಇಲ್ಲೇ ಹಾಕಿ, ಸಾಲು ಸಾಲಾಗಿ ನೋಡಿಕೊಡುತ್ತೇನೆ. ಆ್ಯಪ್ ಪಾಸ್‌ವರ್ಡ್ ಇರುವ ಸಾಲನ್ನು ತೆಗೆದ ಮೇಲೆ ಹಾಕಿ.